ಕಿಟಕಿ ಬದಲಿಸಬೇಡ, ಮೊದಲು ಊದುಬತ್ತಿ ಹಚ್ಚು

ಸಕಲೇಶಪುರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಕಾಫಿ ಕೊಯ್ಲು ನಡೆಯುತ್ತಿದೆ, ನಿನ್ನ ದೊಡ್ಡಪ್ಪನಿಗೆ ಊಟಕ್ಕೂ ಪುರುಸೊತ್ತಿಲ್ಲ. ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದು ನನ್ನ ತಲೆಯಲ್ಲೇ ಕೂತಿದೆ. ಅಷ್ಟು ದುಡ್ಡು ಸುರಿದು ಎರಡು ಗಾಜಿನ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿ ಹಾಕಿಸಿದರೂ ಚಿಕ್ಕಮಗಳೂರಿನ ಚಳಿಗಾಳಿ ಮಗು ಮಲಗುವ ಕೋಣೆಗೇ ನುಗ್ಗುತ್ತದೆ, ಎಲ್ಲ ಕಿತ್ತು ಬೇರೆ ಹಾಕಿಸಿ ಅಂತ ಯಾರೋ ಹೇಳಿದರು ಅಂದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಸದ್ಯಕ್ಕೆ ಏನೂ ಕೀಳಿಸಬೇಡ. ಎರಡು ಗಾಜಿನ ನಡುವೆ ಸಿಕ್ಕಿಕೊಂಡ ಗಾಳಿ ಅಲುಗಾಡದೆ ನಿಂತಿರುತ್ತದೆ, ಚಳಿಗೆ ಅದೇ ಅಡ್ಡ. ಆದರೆ ಸಂದಿಯಲ್ಲಿ ಬರುವ ಗಾಳಿಗೆ ಗಾಜು ಏನು ಮಾಡೀತು? ಗಾಳಿ ಎಲ್ಲಿಂದ ಬರುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಒಲೆ ಆರಿಸಿ, ಎಲ್ಲ ಕಿಟಕಿ, ಹೊರಬಾಗಿಲು ಮುಚ್ಚಿ, ಕೋಣೆಯ ಒಳಬಾಗಿಲು ತೆರೆದಿಟ್ಟು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕು. ಆಮೇಲೆ ಒಂದು ಊದುಬತ್ತಿ ಹಚ್ಚಿ, ಪರದೆ ಸರಿಸಿ, ಕಿಟಕಿ ಅಂಚಿನಲ್ಲಿ ನಿಧಾನ ಸುತ್ತು ಹಾಕು. ಹೊಗೆ ಎಲ್ಲಿ ಕೋಣೆ ಕಡೆಗೆ ಓಡುತ್ತದೋ ಅಲ್ಲಿ ಪೆನ್ಸಿಲ್ ಗುರುತು ಮಾಡು. ಇನ್ನೊಂದು ಪರೀಕ್ಷೆ ಕಾಗದದ್ದು. ಒಂದು ಪಟ್ಟಿ ಕಾಗದ ಸಂದಿಗಿಟ್ಟು ಕಿಟಕಿ ಮುಚ್ಚಿ, ಎಳೆದು ನೋಡು. ಬಿಗಿಯಾಗಿ ಹಿಡಿದರೆ ಸರಿ. ಸುಮ್ನೆ ಜಾರಿ ಬಂದರೆ ಅಲ್ಲಿ ಸಡಿಲ. ಒಂದೊಂದು ಅಡಿಗೆ ಒಂದು ಸಲ ನೋಡಿದರೆ ಸಾಕು.

ನಮ್ಮ ಹಳೆ ಮನೆಯ ಹಲಸಿನ ಮರದ ಕಿಟಕಿಗಳು ಮಳೆಗಾಲದಲ್ಲಿ ಉಬ್ಬಿ ಮುಚ್ಚುತ್ತಲೇ ಇರಲಿಲ್ಲ. ಬಡಗಿ ಬಂದು ಅಂಚು ಕೆತ್ತಿ ಹೋಗುತ್ತಿದ್ದ. ಬೇಸಿಗೆಯಲ್ಲಿ ಅದೇ ಕಿಟಕಿ ಗಡಗಡ ಅನ್ನುತ್ತಿತ್ತು! ಯುಪಿವಿಸಿಗೆ ಆ ರಗಳೆ ಇಲ್ಲ. ಕೆತ್ತುವುದಿಲ್ಲ, ತಿರುಗಿಸುವುದು. ಕಿಟಕಿ ತೆರೆದು ಹ್ಯಾಂಡಲ್ ತಿರುಗಿಸಿ ನೋಡು. ಕಿಟಕಿಯ ಬಾಗಿಲಿನ, ಅಂದರೆ ತೆರೆಯುವ ಭಾಗದ, ಅಂಚಿನಲ್ಲಿ ಸಣ್ಣ ಅಣಬೆಯಂಥ ಗುಂಡಿಗಳು ಮೇಲೆ ಕೆಳಗೆ ಓಡಾಡುತ್ತವೆ. ಅವು ಚೌಕಟ್ಟಿನ ಕೊಕ್ಕೆಗಳಲ್ಲಿ ಸಿಕ್ಕಿಕೊಂಡು ಬಾಗಿಲನ್ನು ರಬ್ಬರಿಗೆ ಒತ್ತಿ ಹಿಡಿಯುತ್ತವೆ. ಬಹಳಷ್ಟು ಕಿಟಕಿಗಳಲ್ಲಿ ಈ ಗುಂಡಿ ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಓರೆ. ಅಲನ್ ಕೀ (ಆರು ಮೂಲೆಯ ಬಾಗಿದ ಕೀಲಿ) ಹಾಕಿ ತಿರುಗಿಸಿದರೆ ಒಂದು ಕಡೆಗೆ ಬಿಗಿ, ಇನ್ನೊಂದು ಕಡೆಗೆ ಸಡಿಲ. ಮೊದಲಿದ್ದ ಜಾಗ ಗುರುತು ಮಾಡಿಕೊಂಡು, ಕೂದಲೆಳೆಯಷ್ಟೇ ತಿರುಗಿಸು, ಮತ್ತೆ ಕಾಗದ ಎಳೆದು ನೋಡು. ನಿನ್ನದರಲ್ಲಿ ಗುಂಡಿ ತಿರುಗದಿದ್ದರೆ ಎದುರಿನ ಕೊಕ್ಕೆಯ ಸ್ಕ್ರೂ ಸಡಿಲಿಸಿ ಒಳಕ್ಕೆ ಸರಿಸಬಹುದು. ಬಿಗಿಯಾಗಲಿ ಅಂತ ಜಾಸ್ತಿ ತಿರುಗಿಸಬೇಡ. ರಬ್ಬರ್ ಚಪ್ಪಟೆಯಾಗಿ ಬಿಡುತ್ತದೆ, ಹ್ಯಾಂಡಲ್ ಕೈಗೆ ಬರುತ್ತದೆ.

ಗಾಳಿ ಹಿಂಜ್ ಇರುವ ಕಡೆಯಿಂದ ಬಂದರೆ, ಇಲ್ಲವೇ ಬಾಗಿಲಿನ ಕೆಳಮೂಲೆ ಚೌಕಟ್ಟಿಗೆ ಉಜ್ಜಿದರೆ, ಬಾಗಿಲು ಜೋತು ಬಿದ್ದಿದೆ ಅಂತ ಅರ್ಥ. ಗಾಜು ಎರಡಲ್ವಾ, ಭಾರವೂ ಎರಡರಷ್ಟು. ಹಿಂಜ್ ಸ್ಕ್ರೂ ಬಿಗಿ ಮಾಡಿ ನೋಡು. ಆಗಲಿಲ್ಲ ಅಂದರೆ ಕೆಲಸದವರನ್ನೇ ಕರಿ. ಗಾಜಿನ ಅಂಚಿಗೆ ಕೊಡುವ ಪ್ಲಾಸ್ಟಿಕ್ ಚೂರುಗಳನ್ನು ಸರಿಮಾಡಿ ಬಾಗಿಲನ್ನು ಎತ್ತಿ ಕೂರಿಸುವುದು ಅವರ ಕೆಲಸ. ರಬ್ಬರನ್ನೂ ನೋಡು. ನಮ್ಮಲ್ಲಿ ಬಣ್ಣ ಹೊಡೆಯುವವರು ಅದರ ಮೇಲೂ ಬಣ್ಣ ಚೆಲ್ಲಿದ್ದರು, ಒಣಗಿ ಗರಸಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸು, ಸಿಲಿಕಾನ್ ಸ್ಪ್ರೇ ಹೊಡಿ. ಕೊಬ್ಬರಿ ಎಣ್ಣೆ ಬೇಡ, ಧೂಳು ಹಿಡಿಯುತ್ತದೆ. ಹರಿದಿದ್ದರೆ ಒಂದು ತುಂಡು ಕತ್ತರಿಸಿ ಅಂಗಡಿಗೆ ಒಯ್ದು, ಅದೇ ಅಳತೆಯದನ್ನು ತಾ. ಹಾಲ್‌ನ ಜಾರುವ ಕಿಟಕಿಗೆ ಮಾತ್ರ ಇಷ್ಟು ಬಿಗಿ ಬರುವುದಿಲ್ಲ. ಅದಕ್ಕಿರುವುದು ಬ್ರಷ್ ಪಟ್ಟಿ, ಸವೆದರೆ ಬದಲಿಸಬೇಕು ಅಷ್ಟೆ.

ಈಗ ನನ್ನ ಬುದ್ಧಿವಂತಿಕೆಯ ಕಥೆ ಕೇಳು. ಹೋದ ವರ್ಷ ನಾನೇ ಸಂದಿ ಮುಚ್ಚುವ ಸಿಲಿಕಾನ್ ಅಂಟಿನ ಗನ್ ಹಿಡಿದು ಕಂಡ ಕಂಡ ತೂತನ್ನೆಲ್ಲ ಮುಚ್ಚಿದೆ. ಚೌಕಟ್ಟಿನ ಕೆಳಗೆ, ಹೊರಗಡೆ, ಉದ್ದುದ್ದ ಸೀಳುಗಳಿದ್ದವು. ಅವನ್ನೂ ಬಿಡಲಿಲ್ಲ. ಆಷಾಢದಲ್ಲಿ ಮಳೆ ಅಡ್ಡಡ್ಡ ಹೊಡೆದಾಗ ಚೌಕಟ್ಟಿನೊಳಗೆ ನೀರು ತುಂಬಿ, ಒಳಗೋಡೆ ಮೇಲೆ ಇಳಿದು, ಬೀರುವಿನಲ್ಲಿದ್ದ ರೇಷ್ಮೆ ಸೀರೆಯವರೆಗೂ ಹೋಯಿತು. ಅವು ನೀರು ಹೊರಹೋಗುವ ತೂತುಗಳಂತೆ! ದೊಡ್ಡಪ್ಪ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ. ನೀನು ಅವನ್ನು ಮುಚ್ಚುವುದಿರಲಿ, ಕಣಜ ಮಣ್ಣಿನ ಗೂಡು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸು.

ಊದುಬತ್ತಿ ಹೊಗೆ ಚೌಕಟ್ಟು ಮತ್ತು ಗೋಡೆಯ ನಡುವಿನಿಂದ ಬಂದರೆ ಅಲ್ಲಿ ಉಬ್ಬಿ ಗಟ್ಟಿಯಾಗುವ ಫೋಮ್ ತುಂಬಿಸಿ, ಮೇಲೆ ಸಿಲಿಕಾನ್ ಎಳೆಸು. ಫೋಮ್ ಬಿಸಿಲಿಗೆ ಹಾಗೇ ಬಿಟ್ಟರೆ ಪುಡಿಯಾಗುತ್ತದೆ. ಇದನ್ನು ಈಗಲೇ, ಗೋಡೆ ಒಣಗಿರುವಾಗಲೇ ಮಾಡಿಸು. ಜೂನ್ ಬಂದರೆ ಗೋಡೆ ಒದ್ದೆ, ಸಿಲಿಕಾನ್ ಹಿಡಿಯುವುದಿಲ್ಲ.

ಎರಡು ಗಾಜಿನ ಒಳಗೇ ಮಂಜು ಕಟ್ಟಿದ್ದರೆ ಮಾತ್ರ ಆ ಗಾಜಿನ ಜೋಡಿ ಬದಲಿಸಬೇಕು, ಸೀಲ್ ಹೋಗಿರುತ್ತದೆ. ಆಗಲೂ ಚೌಕಟ್ಟು ಹಾಗೇ ಉಳಿಯುತ್ತದೆ. ಕೋಣೆ ಕಡೆಯ ಗಾಜಿನ ಮೇಲೆ ನೀರು ಕೂತರೆ ಅದು ಒಳಗೆ ಒಣಹಾಕಿದ ಮಗುವಿನ ಬಟ್ಟೆಯದು.

ಇನ್ನೊಂದು. ಕಿಟಕಿ ಬಿಗಿಯಾದ ಮೇಲೆ ಆ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡಬೇಡ. ಅಜ್ಜಿ ಇಡುತ್ತಿದ್ದರು ನಿಜ, ಆದರೆ ಅವರ ಮನೆಯ ಹೆಂಚಿನ ಸಂದಿಯಲ್ಲೆಲ್ಲ ಗಾಳಿ ಆಡುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಲ್ಲಿಯ ಗವಾಕ್ಷಿಯನ್ನೂ ಮುಚ್ಚಬೇಡ.

ಭಾನುವಾರ ಬರುವವರ ಕೈಲಿ ಒಂದು ಸೇರು ಕಾಳುಮೆಣಸು, ಜೊತೆಗೆ 4 ಮಿ.ಮೀ. ಅಲನ್ ಕೀ ಕಳಿಸುತ್ತಿದ್ದೇನೆ. ಅಳಿಯಂದಿರಿಗೆ ಕೊಡಬೇಡ, ನೀನೇ ತಿರುಗಿಸು. ಕೀ ವಾಪಸ್ ಕಳಿಸು, ಅದು ದೊಡ್ಡಪ್ಪನದು, ಅವರಿಗೆ ಹೇಳಿಲ್ಲ.

ನಿನ್ನ
ದೊಡ್ಡಮ್ಮ