ಮಕ್ಕಳೊಡನೆ ಮಳೆಗಾಲದ ಸೌದೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಸಕಲೇಶಪುರದ ಹತ್ತಿರದ ನಿಮ್ಮ ಹಳೆಯ ಮನೆಯಲ್ಲಿ ಈ ಮಳೆಗಾಲ ಕಳೆಯಲಿದ್ದೀರಿ ಎಂದು ಓದಿ ಬಹಳ ಸಂತೋಷವಾಯಿತು. ಸೌದೆ ಕೂಡಿಹಾಕುವ ಕೆಲಸಕ್ಕೆ ಮಕ್ಕಳನ್ನು ಇಳಿಸಬಹುದೇ ಎಂದು ಕೇಳಿದ್ದೀಯ. ಖಂಡಿತ ಇಳಿಸು, ಆದರೆ ಭಾರ ಹೊರಿಸುವುದಕ್ಕಲ್ಲ. ಈ ಕೆಲಸದಲ್ಲಿ ಎತ್ತಿ ಹೊರುವುದು ಒಂದು ಪಾಲಾದರೆ ಆರಿಸುವುದು, ಒಣಗಿದೆಯೇ ಎಂದು ನೋಡುವುದು, ಜೋಡಿಸಿ ಒಟ್ಟುವುದು ಅದಕ್ಕಿಂತ ದೊಡ್ಡ ಪಾಲು. ಆ ಪಾಲನ್ನು ಮಕ್ಕಳು ನಮಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ಕಾಫಿ ಹೂವರಳಿಸುವ ಹೂಮಳೆ ಬಿದ್ದ ಮೇಲೆ ನೀವು ಮಾಡಿಸುವ ಮರಗಸಿಯಲ್ಲಿ, ಅಂದರೆ ತೋಟದ ನೆರಳುಮರಗಳ ಕೊಂಬೆ ಸವರುವಾಗ, ಬೀಳುವ ಕೊಂಬೆಗಳನ್ನು ಈ ಮಳೆಗಾಲಕ್ಕೇ ನಂಬಿಕೊಳ್ಳಬೇಡ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ, ಅದು ಶೇಕಡಾ 20ಕ್ಕಿಂತ ಕೆಳಗಿಳಿಯುವ ತನಕ ಬಚ್ಚಲೊಲೆ ಹೊಗೆಯುತ್ತದೆಯೇ ಹೊರತು ಹಂಡೆ ಕಾಯುವುದಿಲ್ಲ. ಕಳೆದ ವರ್ಷ ಬಿದ್ದು ತೋಟದಲ್ಲೇ ಉಳಿದದ್ದನ್ನು ಈಗ ಮನೆಗೆ ತಂದುಕೊಂಡು, ಈ ವರ್ಷದ್ದನ್ನು ಬಿದ್ದಲ್ಲೇ ತುಂಡು ಮಾಡಿ, ಸೀಳಿ, ಬಿಸಿಲಿಗೆ ಬಿಡು. ಒಣಗಿದ ಮೇಲೆ ಹೊರುವ ಭಾರವೂ ಕಡಿಮೆಯಾಗುತ್ತದೆ. ಸಿಲ್ವರ್ ಓಕ್ ಮರ ಸುಲಭವಾಗಿ ಸೀಳುತ್ತದೆ, ಬೇಗ ಹತ್ತುತ್ತದೆ, ಬೇಗ ಮುಗಿದೂ ಹೋಗುತ್ತದೆ. ಹಾಲುವಾಣದ ಮರವನ್ನು ಹೊತ್ತು ತರುವ ಶ್ರಮವೇ ದಂಡ. ಕೆಂಡ ನಿಲ್ಲಬೇಕಾದರೆ ಮತ್ತಿ, ನೇರಳೆ, ಇಲ್ಲವೇ ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬೊಡ್ಡೆ ಬೇಕು. ನಿಂತ ಕಾಡುಮರವನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಬಿದ್ದದ್ದೇ ಬೇಕಾದಷ್ಟಿರುವಾಗ ಆ ಗೊಡವೆ ಬೇಡ.

ನಮ್ಮ ಮೂಡಿಗೆರೆ ಕಡೆಯ ತೋಟಗಳಂತೆಯೇ ನಿಮ್ಮದೂ ಇಳಿಜಾರು. ಪಿಕಪ್ ನಿಲ್ಲುವ ಜಾಗದವರೆಗೆ ಎಲ್ಲವನ್ನೂ ಕೈಯಿಂದಲೇ ಸಾಗಿಸಬೇಕಾಗುತ್ತದೆ. ದಪ್ಪ ದಿಮ್ಮಿಯ ಅಡಿಗೆ ಹಾರೆ ತೂರಿಸಿ, ಒಂದು ಕಲ್ಲನ್ನು ಆನಿಕೆಗೆ ಕೊಟ್ಟು ನಾನು ಮೀಟಿದಾಗ ಅದು ಗೇಣಿಗಿಂತ ಕಡಿಮೆ ಎತ್ತರಕ್ಕೆ ಏಳುತ್ತದೆ. ಆಗ ಮೇಲ್ಬದಿಯಲ್ಲಿ ನಿಂತ ನನ್ನ ಮಗಳು ತೋಳುಗಾತ್ರದ ಉರುಳೆಯೊಂದನ್ನು ಉದ್ದನೆಯ ಕೋಲಿನಿಂದ ಅದರ ಅಡಿಗೆ ತಳ್ಳುತ್ತಾಳೆ. ಕೈ ಹಾಕಕೂಡದು, ದಿಮ್ಮಿಯ ಕೆಳಬದಿಯಲ್ಲಿ ಯಾರೂ ನಿಲ್ಲಕೂಡದು, ಇವೆರಡನ್ನು ಮಾತ್ರ ನಾನು ಗದರಿಸಿಯೇ ಹೇಳುತ್ತೇನೆ. ಸಣ್ಣ ತುಂಡುಗಳ ಕಟ್ಟನ್ನು ಅಡ್ಡೆಗೆ, ಅಂದರೆ ಇಬ್ಬರ ಹೆಗಲ ಮೇಲಿಟ್ಟ ಗಳುವಿಗೆ, ತೂಗುಹಾಕಿ ನಾನೂ ಅವಳೂ ಹೊರುತ್ತೇವೆ. ಹಗ್ಗವನ್ನು ನನ್ನ ಹೆಗಲಿನತ್ತ ಸರಿಸಿ ಕಟ್ಟಿದರೆ ಭಾರದ ಹೆಚ್ಚಿನ ಪಾಲು ನನಗೇ ಬರುತ್ತದೆ. ಏರು ಹತ್ತುವಾಗ ನಾನು ಹಿಂದೆ, ಇಳಿಯುವಾಗ ನಾನು ಮುಂದೆ, ಏಕೆಂದರೆ ಕಟ್ಟು ಜಾರಿದರೆ ತಗ್ಗಿನಲ್ಲಿರುವವರ ಕಡೆಗೇ ಜಾರುತ್ತದೆ.

ಒಣಗಿದೆಯೇ ಎಂದು ತೀರ್ಮಾನಿಸುವ ಅಧಿಕಾರ ಮಗನದು. ಎರಡು ಸೀಳುಗಳನ್ನು ಕಿವಿಯ ಹತ್ತಿರ ಹಿಡಿದು ಬಡಿದು ನೋಡುತ್ತಾನೆ. ಠಣ್ ಎಂದರೆ ಕೊಟ್ಟಿಗೆಗೆ, ದೊಬ್ ಎಂದರೆ ಬಿಸಿಲಿಗೆ. ತುದಿಯಲ್ಲಿ ಬಿರುಕು ಮೂಡಿದೆಯೇ, ತೊಗಟೆ ಬಿಟ್ಟುಕೊಂಡಿದೆಯೇ ಎಂಬುದನ್ನೂ ಬೆರಳಿಟ್ಟು ಪರೀಕ್ಷಿಸುತ್ತಾನೆ. ಅವನು ಬೇಡವೆಂದ ತುಂಡನ್ನು ನಾನು ಒಳಗಿಡುವುದಿಲ್ಲ. ಮಗುವಿಗೆ ಕೆಲಸ ಕೊಟ್ಟ ಮೇಲೆ ಅದರ ಮಾತಿಗೂ ಬೆಲೆ ಕೊಡಬೇಕು, ಇಲ್ಲವಾದರೆ ಅದು ಬರಿಯ ಬಿಟ್ಟಿ ದುಡಿಮೆಯಾಗುತ್ತದೆ ಎಂದು ನಾನು ಬಲವಾಗಿ ನಂಬಿದ್ದೇನೆ. ಒಟ್ಟುವಾಗ ನೆಲಕ್ಕೆ ಎರಡು ಗಳು ಹಾಕಿ, ಗೋಡೆಗೆ ಅಂಟಿಸದೆ ಗಾಳಿಯಾಡಲು ಸಂದು ಬಿಡುವುದನ್ನು ಇಬ್ಬರೂ ಕಲಿತಿದ್ದಾರೆ, ಮತ್ತು ಒಟ್ಟಲನ್ನು ತಮ್ಮ ಎದೆಯ ಎತ್ತರಕ್ಕಿಂತ ಮೇಲೆ ಏರಿಸುವುದಿಲ್ಲ.

ಎಚ್ಚರ ವಹಿಸಬೇಕಾದದ್ದೂ ಇದೆ. ಹೊಳಗೇರಿನ ಕಪ್ಪು ಸೊನೆ ತಾಗಿದರೆ ಮೈ ಬೊಬ್ಬೆಯೇಳುತ್ತದೆ, ಆದ್ದರಿಂದ ಆ ಮರವನ್ನು ಮಕ್ಕಳಿಗೆ ಮೊದಲೇ ತೋರಿಸಿ ಗುರುತು ಮಾಡಿಸು. ಹಳೆಯ ರಾಶಿಯನ್ನು ಕೋಲಿನಿಂದ ಕೆದಕಿ ನೋಡದೆ ಕೈಯಿಡಲು ಬಿಡಬೇಡ. ಹಾವು, ಚೇಳು ತಂಪಿಗೆ ಅಲ್ಲೇ ಸೇರಿರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ರಕ್ತ ಹೀರುವ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ, ಅದನ್ನು ಹರಡುವ ಉಣುಗಿನ ಮರಿಗಳ ಕಾಟ ನಾವು ಸೌದೆಗೆ ಹೋಗುವ ಬೇಸಿಗೆಯಲ್ಲೇ ಹೆಚ್ಚು. ಕಾಡಂಚಿನ ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡ. ಆರೋಗ್ಯ ಕೇಂದ್ರದಲ್ಲಿ ಉಣುಗನ್ನು ದೂರವಿಡುವ ಡೆಪಾ ತೈಲ ಕೊಡುತ್ತಿದ್ದರೆ ಕೇಳಿ ತಂದು ಹಚ್ಚಿಸು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಕಂಕುಳು, ಕಿವಿಯ ಹಿಂಭಾಗ, ತಲೆಗೂದಲನ್ನು ನೋಡಿ, ಸೋಪು ಹಚ್ಚಿ ಸ್ನಾನ ಮಾಡಿಸು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸು.

ಮಕ್ಕಳ ಪರೀಕ್ಷೆ ಮುಗಿದೊಡನೆ ಹಾಸನದಿಂದ ನೇರವಾಗಿ ಇಲ್ಲಿಗೇ ಬಾ. ತುಂಬುತೋಳಿನ ಅಂಗಿ, ಉದ್ದ ಕಾಲುಚೀಲ, ಬೆರಳು ಮುಚ್ಚುವ ಷೂ ತಂದರೆ ಸಾಕು. ಹಗ್ಗ, ಹಾರೆ, ಬೆಣೆ ನನ್ನಲ್ಲಿವೆ. ಮೊದಲು ನಮ್ಮ ಸೌದೆಯನ್ನು ಎಲ್ಲರೂ ಸೇರಿ ತಂದು ಹಾಕೋಣ, ಅಷ್ಟರಲ್ಲಿ ನಿನ್ನ ಮಕ್ಕಳಿಗೂ ಕೈ ಪಳಗುತ್ತದೆ, ಆಮೇಲೆ ನಾವೆಲ್ಲರೂ ನಿಮ್ಮ ತೋಟಕ್ಕೆ ಬರುತ್ತೇವೆ.

ನಿನ್ನ ಗೆಳೆಯ