ಕೆಗ್ಗಿಗೆ ಕಾಯಿಲ್ ಹಾಕ್ಸೋರು ಅರ್ಥಿಂಗ್ ಬಗ್ಗೆ ಯಾಕೆ ಕೇಳಲ್ಲ?

ಸಂಪಾದಕರಿಗೆ ನಮಸ್ಕಾರ,

ನಾನು ಕಾಮಾಕ್ಷಿಪಾಳ್ಯದ ಕಡೆ ವೈರಿಂಗ್ ಕೆಲ್ಸ ಮಾಡ್ಕೊಂಡಿರೋನು, ಸುತ್ತಮುತ್ತ ಎಲ್ಲಾ ಲೇತು, ವೆಲ್ಡಿಂಗ್ ಶಾಪ್‌ಗಳೇ ಇರೋದ್ರಿಂದ ಯಾರು ಏನು ಮಾಡಿಸ್ಕೊಂಡ್ ಹೋಗ್ತಾರೆ ಅಂತ ಕಣ್ಣಿಗೆ ಬೀಳ್ತಾನೇ ಇರತ್ತೆ. ಬಿಯರ್ ತುಂಬೋ 50 ಲೀಟರ್ ಸ್ಟೀಲ್ ಕೆಗ್ ಇರತ್ತಲ್ಲ, ಅದನ್ನ ಗುಜರಿಯಿಂದ ತಂದು, ಮೇಲ್ಗಡೆ ಕಟ್ ಮಾಡ್ಸಿ, ಕೆಳಗಡೆ ತೂತು ಹೊಡ್ಸಿ ಹೀಟಿಂಗ್ ಕಾಯಿಲ್ ಕೂರ್ಸಿ, ಒಂದು ನಲ್ಲಿ ಹಾಕ್ಸಿದ್ರೆ ಬಿಸಿನೀರು ಬಾಯ್ಲರ್ ರೆಡಿ. ಟೀ ಅಂಗಡಿಯೋರು, ಮನೇಲೇ ಕೇಟರಿಂಗ್ ಮಾಡೋರು, ಪಿಜಿ ನಡ್ಸೋರು ಮಾಡಿಸ್ಕೊಳ್ತಾರೆ. ತಪ್ಪೇನಿಲ್ಲ ಬಿಡಿ, ಸ್ಟೀಲು ಗಟ್ಟಿ, ತುಕ್ಕು ಹಿಡಿಯಲ್ಲ, ಕಮರ್ಷಿಯಲ್ ಸಿಲಿಂಡರ್ ದುಡ್ಡು ಕೊಟ್ಟು ಕೊಟ್ಟು ಸಾಕಾಗಿರೋರು ಇನ್ನೇನ್ ಮಾಡ್ತಾರೆ.

ನನ್ನ ತಕರಾರು ಬೇರೆ. ಬಂದೋರೆಲ್ಲ ಕೇಳೋದು ಒಂದೇ, "ಅಣ್ಣ, ಸೋರಲ್ಲ ತಾನೆ?" ಕೇಳ್ಬೇಕಾದ್ದೇ, ಯಾಕಂದ್ರೆ ಕೆಗ್ಗಿನ ಹೊಟ್ಟೆ ಗುಂಡಗಿರತ್ತೆ, ಕಾಯಿಲ್ ವಾಷರ್ ಚಪ್ಪಟೆ, ಎರಡೂ ಸಮ ಕೂರಲ್ಲ. ಚೆನ್ನಾಗಿ ಕೆಲ್ಸ ಗೊತ್ತಿರೋ ಹುಡುಗ್ರು ತೂತಿನ ಸುತ್ತ ಸುತ್ತಿಗೇಲಿ ಮೆಲ್ಲಗೆ ತಟ್ಟಿ ಮಟ್ಟ ಮಾಡಿ, ಅಂಚನ್ನ ಅರದಲ್ಲಿ ಉಜ್ಜಿ, ಬೆರಳಾಡ್ಸಿ ನೋಡಿ ಆಮೇಲೆ ಸಿಲಿಕಾನ್ ರಿಂಗ್ ಹಾಕಿ ನಟ್ ಬಿಗೀತಾರೆ, ಇಲ್ಲಾಂದ್ರೆ ಟಿಗ್ ವೆಲ್ಡಿಂಗಲ್ಲಿ ಒಂದು ಕಪ್ಲಿಂಗ್ ಹಾಕಿ ಅದಕ್ಕೆ ಕಾಯಿಲ್ ತಿರುಗಿಸ್ತಾರೆ. ರಾತ್ರಿಯೆಲ್ಲ ನೀರು ತುಂಬಿಟ್ಟು ಬೆಳಗ್ಗೆ ಪೇಪರ್ ಒತ್ತಿ ನೋಡೋರೂ ಇದಾರೆ. ಅಷ್ಟು ಚಂದ ಮಾಡಿದ್ಮೇಲೆ ಅದಕ್ಕೆ ಹಾಕೋ ತ್ರೀಪಿನ್ ಟಾಪ್ ನೋಡಿದ್ರೆ ಮೇಲಿನ ದಪ್ಪ ಪಿನ್ನಿಗೆ, ಅಂದ್ರೆ ಸೋರಿದ ಕರೆಂಟನ್ನ ನೆಲಕ್ಕೆ ಕಳಿಸೋ ಅರ್ಥಿಂಗ್ ಪಿನ್ನಿಗೆ, ವೈರೇ ಇಲ್ಲ! ಹಸಿರು ವೈರನ್ನ ಕಟ್ ಮಾಡಿ ಒಳಗಡೆ ಮಡಚಿ ಟೇಪ್ ಸುತ್ತಿರ್ತಾರೆ. ಕೇಳಿದ್ರೆ "ಎರಡು ವೈರಲ್ಲೇ ಓಡತ್ತಲ್ಲ ಸಾರ್" ಅಂತಾರೆ.

ಓಡತ್ತೆ ನಿಜ. ಆದ್ರೆ ನೀರು ಸೋರಿದ್ರೆ ನೆಲ ಒದ್ದೆಯಾಗಿ ಗೊತ್ತಾಗತ್ತೆ, ಕರೆಂಟ್ ಸೋರಿದ್ರೆ ಯಾರಾದ್ರೂ ನಲ್ಲಿ ಮುಟ್ಟಿದ್ಮೇಲೇನೇ ಗೊತ್ತಾಗೋದು. ಕಾಯಿಲ್ ಒಳಗೆ ನಿಕ್ರೋಮ್ ತಂತಿ ಇರತ್ತೆ, ಅದರ ಸುತ್ತ ಕರೆಂಟನ್ನ ಹೊರಗೆ ಬಿಡದ ಮೆಗ್ನೀಷಿಯಂ ಆಕ್ಸೈಡ್ ಪುಡಿ, ಹೊರಗಡೆ ಲೋಹದ ಕೊಳವೆ. ನಮ್ಮೂರಿನ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಕುದಿಸ್ತಾ ಕುದಿಸ್ತಾ ಕಾಯಿಲ್ ಮೇಲೆ ಬಿಳೀ ಸುಣ್ಣ ಕಟ್ಕೊಳ್ಳತ್ತೆ, ಆಗ ಶಾಖ ನೀರಿಗೆ ಹೋಗದೆ ಕೊಳವೇನೇ ಕಾದು ಕಾದು ಒಂದಿನ ಸೀಳು ಬಿಡತ್ತೆ. ನೀರು ಒಳಗೆ ಹೋಯ್ತು ಅಂದ್ರೆ ಇಡೀ ಕೆಗ್ ಲೈವ್, ಮುಟ್ಟಿದ್ರೆ ಶಾಕ್. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಲೋಟ ಹಿಡಿಯೋ ಹುಡುಗನ ಗತಿ ಏನು?

ಎಂಸಿಬಿ, ಅಂದ್ರೆ ಲೋಡ್ ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್, ಇದೆಯಲ್ಲ ಅಂತಾರೆ. ಅದು ವೈರ್ ಸುಡದೇ ಇರ್ಲಿ ಅಂತ ಇರೋದು ಸಾರ್, ಮನುಷ್ಯನಿಗಲ್ಲ. 16 ಆಂಪ್ ಎಂಸಿಬಿ 16 ಆಂಪ್ ದಾಟೋವರ್ಗೂ ಅಲ್ಲಾಡಲ್ಲ, ಜೀವ ಹೋಗೋಕೆ ಅದರ ನೂರರಲ್ಲಿ ಒಂದು ಪಾಲು ಸಾಕು. ಬೇಕಾಗಿರೋದು 30 ಮಿಲಿಆಂಪ್ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್, ಜೊತೆಗೆ ಕೆಗ್ ಬಾಡಿಗೇ ಬೋಲ್ಟ್ ಹಾಕಿ ಬಿಗಿದಿರೋ ಅರ್ಥ್ ವೈರ್. ಎರಡೂ ಬೇಕು. ಇಲ್ಲೂ ಒಂದು ಕತೆ ಇದೆ, ಹೊಸ ಕಾಯಿಲ್ ಆಗ್ಲಿ ಬಹಳ ದಿನ ಸುಮ್ನೆ ಬಿದ್ದಿದ್ದ ಕಾಯಿಲ್ ಆಗ್ಲಿ ಆ ಪುಡಿ ಗಾಳಿಯ ತೇವ ಎಳ್ಕೊಂಡಿರತ್ತೆ, ಮೊದಲ್ನೇ ಸಲ ಆನ್ ಮಾಡ್ದಾಗ ಆರ್‌ಸಿಸಿಬಿ ಟಪ್ ಅಂತ ಬೀಳಬಹುದು. ಕಾಯಿಲ್ ಬಿಚ್ಚಿ ಚೆನ್ನಾಗಿ ಒಣಗ್ಸಿ ಮೆಗ್ಗರಲ್ಲಿ (ಕರೆಂಟ್ ಸೋರತ್ತಾ ನೋಡೋ ಮೀಟರ್) ಚೆಕ್ ಮಾಡಿದ್ರೆ ಸರಿಹೋಗಿದ್ಯಾ ಇಲ್ವಾ ಗೊತ್ತಾಗತ್ತೆ, ಆದ್ರೆ ನಮ್ಮೋರು ಮಾಡೋದೇನು, ಆರ್‌ಸಿಸಿಬಿನೇ ಬೈಪಾಸ್ ಮಾಡ್ಬಿಡ್ತಾರೆ. ನಾಯಿ ಬೊಗಳ್ತು ಅಂತ ನಾಯೀನೇ ಓಡಿಸಿ ಬಾಗಿಲು ತೆಗೆದಿಟ್ಟ ಹಾಗೆ.

ಇನ್ನೊಂದು ಅರ್ಜೆಂಟಿನ ವಿಷಯ. 50 ಲೀಟರ್ ನೀರು 25 ಡಿಗ್ರಿಯಿಂದ 100ಕ್ಕೆ ಬರೋಕೆ ಹೆಚ್ಚುಕಮ್ಮಿ 4.4 ಯೂನಿಟ್ ಬೇಕು, 3 ಕಿಲೋವ್ಯಾಟ್ ಕಾಯಿಲಲ್ಲಿ ಒಂದೂವರೆ ಗಂಟೆ ಹಿಡಿಯತ್ತೆ, ಇದು ಲೆಕ್ಕ, ಯಾರೂ ಏನೂ ಮಾಡಕ್ಕಾಗಲ್ಲ. ಬೆಳಗ್ಗೆ ಐದಕ್ಕೆ ಅಂಗಡಿ ತೆಗಿಯೋರಿಗೆ ಅಷ್ಟು ತಾಳ್ಮೆ ಎಲ್ಲಿ, ಎರಡು ಕಾಯಿಲ್ ಹಾಕ್ಸಿ ಎರಡನ್ನೂ ಒಂದೇ ಸಾಕೆಟ್ಟಿಗೆ ಕೊಡ್ತಾರೆ. ಒಂದಕ್ಕೇ 13 ಆಂಪ್, ಎರಡಕ್ಕೆ 26, ಸಾಕೆಟ್ 16ರದ್ದು. ಟಾಪ್ ಕರಗಿ ಸಾಕೆಟ್ಟಿಗೇ ಅಂಟ್ಕೊಂಡಿರೋದನ್ನ ನಾನು ಸ್ಕ್ರೂಡ್ರೈವರ್ ಹಾಕಿ ಕಿತ್ತಿದೀನಿ. ಎರಡು ಕಾಯಿಲ್ ಬೇಕೇ ಬೇಕು ಅಂದ್ರೆ ಬೋರ್ಡಿಂದ ಬೇರೆ ಬೇರೆ ಲೈನ್ ಎಳ್ಸಿ, ಮೊದ್ಲು ಸ್ಯಾಂಕ್ಷನ್ ಲೋಡ್, ಅಂದ್ರೆ ನಿಮ್ಮ ಮೀಟರಿಗೆ ಮಂಜೂರಾಗಿರೋ ಲೋಡ್, ಎಷ್ಟಿದೆ ನೋಡ್ಕೊಳ್ಳಿ.

ನಲ್ಲಿ ಮಾತ್ರ ದಯವಿಟ್ಟು ಕಾಯಿಲ್‌ಗಿಂತ ಮೇಲೆ ಹಾಕ್ಸಿ. ತಳದಲ್ಲಿ ಸ್ವಲ್ಪ ನೀರು ಉಳಿಯತ್ತೆ ಅಂತ ಗೊಣಗ್ತಾರೆ, ಉಳೀಲಿ ಅಂತಾನೇ ಹೇಳ್ತಿರೋದು, ನೀರಿಲ್ದೆ ಕಾಯಿಲ್ ಉರಿದ್ರೆ ನಿಮಿಷದಲ್ಲಿ ಕೆಂಪಗಾಗಿ ಹೋಗತ್ತೆ. ಹಾಲನ್ನಂತೂ ಅದರಲ್ಲಿ ಕಾಯಿಸ್ಲೇಬೇಡಿ, ಕಾಯಿಲ್‌ಗೆ ಸೀದು ಹಿಡಿಯತ್ತೆ.

ಇಮ್ಮರ್ಷನ್ ರಾಡಿಗೆ ಐಎಸ್ 368 ಅಂತ ಸ್ಟ್ಯಾಂಡರ್ಡ್ ಇದೆ, ಐಎಸ್ಐ ಮಾರ್ಕ್ ನೋಡಿ ತಗೋಬಹುದು. ಆದ್ರೆ ಕೆಗ್ ಒಂದ್ಕಡೆ, ಕಾಯಿಲ್ ಎಸ್.ಪಿ. ರೋಡಿನ ಅಂಗಡೀದು, ವೆಲ್ಡಿಂಗ್ ಇನ್ನೊಂದ್ಕಡೆ ಅಂತ ಮಾಡ್ಸಿದ್ದನ್ನ ಯಾರು ಚೆಕ್ ಮಾಡ್ತಾರೆ? ಯಾರೂ ಇಲ್ಲ. ಅದಕ್ಕೇ ಕೇಳ್ತಿರೋದು, ಕಾಯಿಲ್ ಮಾರೋ ಅಂಗಡಿಯೋರು "ಅರ್ಥಿಂಗ್ ಇದ್ಯಾ, ಆರ್‌ಸಿಸಿಬಿ ಇದ್ಯಾ" ಅಂತ ಕೇಳಿ ಆಮೇಲೆ ಕೊಡ್ಲಿ, ಬೆಸ್ಕಾಂನೋರು ಇದನ್ನೇ ಬಿಲ್ಲಿನ ಹಿಂದೆ ಎರಡು ಸಾಲು ಕನ್ನಡದಲ್ಲಿ ಪ್ರಿಂಟ್ ಹಾಕ್ಸಲಿ. ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.

ಇನ್ನು ಗುಜರಿಯಿಂದ ಕೆಗ್ ತರೋರಿಗೆ ಒಂದು ಮಾತು. ಕೆಗ್ ಸಾಮಾನ್ಯವಾಗಿ ಬ್ರೂವರಿಯೋರ ಸ್ವತ್ತು, ಅದಕ್ಕೆ ಬಿಲ್ ಇಲ್ದೆ ತಗೋಬೇಡಿ. ಒಳಗಡೆ ಗ್ಯಾಸ್ ಪ್ರೆಷರ್ ಉಳಿದಿರಬಹುದು, ವಾಲ್ವ್ ಒತ್ತಿ ಪೂರ್ತಿ ಬಿಟ್ಟಾದ್ಮೇಲೇನೇ ಗ್ರೈಂಡರ್ ಮುಟ್ಟಿಸ್ಬೇಕು. ಮೇಲ್ಗಡೆ ಅಗಲವಾಗೇ ಕಟ್ ಮಾಡ್ಸಿ, ಬಾಯಿ ಮುಚ್ಚಿದ ಕೆಗ್ಗಲ್ಲಿ ನೀರು ಕುದಿಸಿದ್ರೆ ಹಬೆಗೆ ಹೋಗೋಕೆ ದಾರಿ ಇರಲ್ಲ.

ಇಂತಿ,
ಒಬ್ಬ ವೈರಿಂಗ್ ಕೆಲಸಗಾರ
ಕಾಮಾಕ್ಷಿಪಾಳ್ಯ, ಬೆಂಗಳೂರು