ಭಾನುವಾರದ ಚರ್ಚೆಗೆ: ಜಾನ್ ಹಡ್ಸನ್

ಸದಸ್ಯರ ಗಮನಕ್ಕೆ. ಈ ಭಾನುವಾರ ಸಂಜೆ 6 ಗಂಟೆಗೆ ಜಾನ್ ಹಡ್ಸನ್ ಕುರಿತು ಮಾತನಾಡೋಣ. ಲಂಡನ್ನಿನ ಅನಾಥ ಹುಡುಗ. ಆಗಾಗ ಹೊಗೆಗೂಡು ಗುಡಿಸುವ ಕೆಲಸ. 1783ರಲ್ಲಿ ಮನೆಯೊಂದಕ್ಕೆ ನುಗ್ಗಿ ಅಂಗಿ, ರೇಷ್ಮೆ ಕಾಲುಚೀಲ, ಪಿಸ್ತೂಲು ಕದ್ದನೆಂದು ಹಿಡಿದು ತಂದರು. ಒಳಗೆ ಮಸಿ ಮೆತ್ತಿದ ಕಾಲ್ಬೆರಳುಗಳ ಗುರುತು ಮೂಡಿತ್ತಂತೆ. ವಯಸ್ಸು ಒಂಬತ್ತರ ಆಸುಪಾಸು! ಕನ್ನ ಹಾಕಿದ ಆರೋಪ ಸಾಬೀತಾಗಲಿಲ್ಲ, ಕಳ್ಳತನದ್ದು ಸಾಬೀತಾಯಿತು: 7 ವರ್ಷ ಗಡೀಪಾರು. ಅಮೆರಿಕದತ್ತ ಹೊರಟ ‘ಮರ್ಕ್ಯುರಿ’ ಹಡಗಿನಲ್ಲಿ ಕೈದಿಗಳು ದಂಗೆಯೆದ್ದರು. ಹುಡುಗ ಮತ್ತೆ ಸೆರೆಯಾದ. 1788ರಲ್ಲಿ ‘ಫ್ರೆಂಡ್‌ಶಿಪ್’ ಹಡಗು ಅವನನ್ನು ಆಸ್ಟ್ರೇಲಿಯಕ್ಕೆ ತಲುಪಿಸಿತು. ಮುಂದೆ, ಆಸ್ಟ್ರೇಲಿಯದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪದಲ್ಲಿ, ರಾತ್ರಿ ಒಂಬತ್ತರ ಬಳಿಕ ಗುಡಿಸಲಿನ ಹೊರಗಿದ್ದುದಕ್ಕೆ 50 ಛಡಿಯೇಟು. ಏನು ನ್ಯಾಯವೋ! ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ನಡೆದ ಅವನ ವಿಚಾರಣೆಯ ದಾಖಲೆ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ದಯವಿಟ್ಟು ಓದಿಕೊಂಡು ಬನ್ನಿ. ಅಲ್ಲಿಯವರೆಗೆ ಶುಭೋದಯದ ಚಿತ್ರಗಳಿಗೆ ಬಿಡುವು ಕೊಡಿ.